ಎದೆ ಸೀಳುವ ನೋವು: ಅಯೋರ್ಟಾ ಡಿಸೆಕ್ಷನ್ ಆದರೆ ಮನೆಯವರು ಏನು ಮಾಡಬೇಕು

ಎದೆನೋವು ಅಂದ ಕೂಡಲೇ ನಮ್ಮ ಕಡೆ ಎರಡೇ ಮಾತು. ಗ್ಯಾಸ್ಟ್ರಿಕ್ ಇರಬೇಕು, ಇಲ್ಲಾ ಹಾರ್ಟ್ ಅಟ್ಯಾಕ್. ಬಹಳ ಸಲ ಅದೇ ಆಗಿರುತ್ತದೆ. ಆದರೆ ಮೂರನೆಯದೊಂದಿದೆ. ಅಪರೂಪದ್ದು, ಹಾರ್ಟ್ ಅಟ್ಯಾಕಿನ ವೇಷದಲ್ಲೇ ಬರುತ್ತದೆ, ಹಾರ್ಟ್ ಅಟ್ಯಾಕಿಗೆ ಜೀವ ಉಳಿಸುವ ಇಂಜೆಕ್ಷನ್ನೇ ಇದಕ್ಕೆ ಜೀವ ತೆಗೆಯಬಹುದು. ಅದೇ ಅಯೋರ್ಟಾ ಡಿಸೆಕ್ಷನ್.

ನಾನು ಡಾಕ್ಟರ್ ಅಲ್ಲ. ಹೃದಯದ ಆಪರೇಷನ್ ಆದವರ ಐಸಿಯುನಲ್ಲಿ ನರ್ಸ್ ಆಗಿದ್ದವಳು, ಊರು ತೀರ್ಥಹಳ್ಳಿ ಕಡೆ. ಐಸಿಯು ಬಾಗಿಲಾಚೆ ಕೂತ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವಕ್ಕೆ ಉತ್ತರ ಮೊದಲೇ ಗೊತ್ತಿದ್ದರೆ ಒಳ್ಳೆಯದು ಅಂತ ಬರೆಯುತ್ತಿದ್ದೇನೆ. ಇದನ್ನು ಓದಿ ಮನೆಯಲ್ಲೇ ಕಾಯಿಲೆ ಯಾವುದು ಅಂತ ತೀರ್ಮಾನ ಮಾಡಬೇಡಿ. ಡಾಕ್ಟರ್ ಹತ್ತಿರ ಏನು ಹೇಳಬೇಕು, ಏನು ಕೇಳಬೇಕು ಅಂತ ತಿಳಿದುಕೊಳ್ಳಿ, ಸಾಕು.

ಒಳಗೆ ಏನಾಗುತ್ತದೆ

ಹೃದಯದಿಂದ ಹೊರಟು ಇಡೀ ಮೈಗೆ ರಕ್ತ ಹಂಚುವ ದೊಡ್ಡ ನಾಳವೇ ಅಯೋರ್ಟಾ, ಪಠ್ಯಪುಸ್ತಕದ ಮಹಾಪಧಮನಿ. ಎದೆಯ ಹತ್ತಿರ ಸುಮಾರು 3 ಸೆಂಟಿಮೀಟರ್ ಅಗಲ. ಮೊದಲು ಮೇಲಕ್ಕೆ ಹೋಗುತ್ತದೆ, ಕಮಾನಿನಂತೆ ಬಾಗುತ್ತದೆ, ಆಮೇಲೆ ಬೆನ್ನಿನ ಗುಂಟ ಹೊಟ್ಟೆಗೆ ಇಳಿಯುತ್ತದೆ. ಇದರ ಗೋಡೆಗೆ ಮೂರು ಪದರ, ಬಾಳೆದಿಂಡಿನಲ್ಲಿ ಇರುತ್ತದಲ್ಲ, ಹಾಗೆ ಒಂದಕ್ಕೊಂದು ಅಂಟಿಕೊಂಡು. ಒಳಪದರ ಎಲ್ಲೋ ಒಂದು ಕಡೆ ಹರಿದರೆ ರಕ್ತ ಆ ಬಿರುಕಿನಲ್ಲಿ ನುಗ್ಗಿ ಪದರಗಳನ್ನು ಬಿಡಿಸುತ್ತಾ ಉದ್ದಕ್ಕೆ ಹೋಗುತ್ತದೆ. ಆಗ ನಾಳದೊಳಗೆ ಎರಡು ದಾರಿ ಆಗುತ್ತದೆ. ಹೊಸದಾಗಿ ಆದ ಸುಳ್ಳು ದಾರಿ ಉಬ್ಬಿ ನಿಜವಾದ ದಾರಿಯನ್ನು ಅಮುಕಿದರೆ ಅಲ್ಲಿಂದ ಕವಲೊಡೆಯುವ ಅಂಗಕ್ಕೆ ರಕ್ತ ಹೋಗುವುದಿಲ್ಲ. ಅದು ಮಿದುಳೂ ಆಗಬಹುದು, ಕರುಳು, ಕಿಡ್ನಿ, ಕಾಲು ಯಾವುದೂ ಆಗಬಹುದು. ಹೊರಪದರವೂ ಒಡೆದರೆ ಮಾತ್ರ ಹೆಚ್ಚು ಹೊತ್ತು ಇರುವುದಿಲ್ಲ.

ಯಾರಿಗೆ ಬರುತ್ತದೆ ಅಂದರೆ, ದೊಡ್ಡ ಕಾರಣ ಬಿಪಿ. ಅದರಲ್ಲೂ ಮಾತ್ರೆ ಶುರುಮಾಡಿ, ನಾಲ್ಕು ದಿನ ತಲೆ ತಿರುಗಲಿಲ್ಲ ಅಂತ ತಾವೇ ನಿಲ್ಲಿಸಿದವರ ಬಿಪಿ. ಬೀಡಿ ಸಿಗರೇಟು ಸೇರಿದರೆ ಇನ್ನೂ ಕಷ್ಟ. ಚಿಕ್ಕ ವಯಸ್ಸಿನವರಿಗೆ ಬಂದರೆ ಹುಟ್ಟಿನಿಂದ ಬಂದ ಕಾರಣ ಇರಬಹುದು. ಮಾರ್ಫನ್ ಸಿಂಡ್ರೋಮ್ ಇರುವವರು (ತುಂಬಾ ಎತ್ತರ, ಉದ್ದುದ್ದ ಕೈ ಬೆರಳು, ಕಣ್ಣಿನ ತೊಂದರೆ), ಹೃದಯದ ಕವಾಟದಲ್ಲಿ ಮೂರರ ಬದಲು ಎರಡೇ ಎಸಳು ಇರುವವರು, ಮನೆತನದಲ್ಲಿ ಯಾರಿಗಾದರೂ ಹೀಗೇ ಆಗಿದ್ದವರು. ಬಸುರಿ ಬಾಣಂತಿಯರಿಗೂ ಅಪರೂಪಕ್ಕೆ ಆಗುತ್ತದೆ.

ಅನುಮಾನ ಯಾವಾಗ ಬರಬೇಕು

ಹಾರ್ಟ್ ಅಟ್ಯಾಕಿನ ನೋವು ಸಾಮಾನ್ಯವಾಗಿ ನಿಧಾನಕ್ಕೆ ಏರುತ್ತದೆ. ಇದು ಹಾಗಲ್ಲ. ಶುರುವಾದ ಕ್ಷಣದಲ್ಲೇ ತುತ್ತತುದಿಯಲ್ಲಿರುತ್ತದೆ. "ಬಟ್ಟಲು ತೊಳೀತಾ ಇದ್ದೆ, ಆಗ" ಅಂತ ಯಾವ ನಿಮಿಷಕ್ಕೆ ಬಂತು ಅನ್ನುವುದನ್ನೂ ರೋಗಿ ಹೇಳುತ್ತಾರೆ. ಎದೆಯಲ್ಲಿ, ಇಲ್ಲವೇ ಬೆನ್ನಿನಲ್ಲಿ ಎರಡು ಹೆಗಲಿನ ನಡುವೆ, ಹರಿದ ಹಾಗೆ, ಇರಿದ ಹಾಗೆ. ಆಮೇಲೆ ಆ ನೋವು ಜಾಗ ಬದಲಿಸಿ ಕೆಳಗೆ ಇಳಿಯಬಹುದು. ಜೊತೆಗೆ ಇದ್ದಕ್ಕಿದ್ದಂತೆ ಎಚ್ಚರ ತಪ್ಪುವುದು, ಒಂದು ಕೈಯೋ ಕಾಲೋ ತಣ್ಣಗಾಗಿ ಜೋಮು ಹಿಡಿಯುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಇದ್ದರೆ ಅನುಮಾನ ಜಾಸ್ತಿ ಮಾಡಿಕೊಳ್ಳಿ. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಕೆಲವರಿಗೆ ನೋವೇ ಇರುವುದಿಲ್ಲ, ನೇರವಾಗಿ ಲಕ್ವ ಹೊಡೆದವರ ಹಾಗೆ ಬರುತ್ತಾರೆ.

ಇಂಥ ನೋವಿಗೆ ಸೋಡಾ, ಜೀರಿಗೆ ಕಷಾಯ, ಬೆನ್ನಿಗೆ ಎಣ್ಣೆ ಅಂತ ಕೂರಬೇಡಿ. ಬೆನ್ನು ಉಜ್ಜುವುದಂತೂ ಬೇಡವೇ ಬೇಡ. ಮಲಗಿಸಿ, 108ಕ್ಕೆ ಫೋನ್ ಮಾಡಿ. ಕುಡಿಯಲು, ತಿನ್ನಲು ಏನೂ ಕೊಡಬೇಡಿ, ಯಾಕಂದರೆ ಕೆಲವೇ ಗಂಟೆಯಲ್ಲಿ ಅರಿವಳಿಕೆ ಕೊಡಬೇಕಾಗಿ ಬರಬಹುದು. ನಡೆಸಬೇಡಿ. ತೋಟದ ತಗ್ಗಿನಲ್ಲಿ ಮನೆ ಇದ್ದರೆ ರಸ್ತೆವರೆಗೆ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬನ್ನಿ. ಹೊರಡುವಾಗ ಹಳೆಯ ಚೀಟಿ, ತಿನ್ನುತ್ತಿರುವ ಮಾತ್ರೆ ಎಲ್ಲ ಒಂದು ಚೀಲದಲ್ಲಿ ಹಾಕಿಕೊಳ್ಳಿ.

ಮೊದಲ ಆಸ್ಪತ್ರೆಯಲ್ಲಿ ಆಡಬೇಕಾದ ಎರಡು ಮಾತು

ನನ್ನ ಪ್ರಕಾರ ಇಡೀ ಕಥೆಯಲ್ಲಿ ಮನೆಯವರ ಕೈಲಿರುವ ಮುಖ್ಯ ಘಳಿಗೆ ಇದೇ. ಇನ್ನುಳಿದದ್ದೆಲ್ಲ ಡಾಕ್ಟರುಗಳ ಕೈಲಿರುತ್ತದೆ.

ತಾಲೂಕು ಆಸ್ಪತ್ರೆಯಲ್ಲಿ ಮೊದಲು ಇಸಿಜಿ ತೆಗೆಯುತ್ತಾರೆ. ಹಾರ್ಟ್ ಅಟ್ಯಾಕ್ ಅಂತ ಕಂಡರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಇದು ಒಳ್ಳೆಯ ವ್ಯವಸ್ಥೆ, ದೂರದ ಊರುಗಳಲ್ಲಿ ಎಷ್ಟೋ ಜೀವ ಉಳಿಸುತ್ತಿದೆ, ಸುಮ್ನೆ ಹೆದರಿ ಅದನ್ನು ಬೇಡ ಅನ್ನಬೇಡಿ. ಆದರೆ ಅಯೋರ್ಟಾ ಸೀಳು ಹೃದಯದ ಸ್ವಂತ ರಕ್ತನಾಳದ ಬಾಯಿಯನ್ನೇ ಮುಚ್ಚಿದರೂ ಇಸಿಜಿಯಲ್ಲಿ ಹಾರ್ಟ್ ಅಟ್ಯಾಕೇ ಕಾಣುತ್ತದೆ. ಆಗ ಹೆಪ್ಪು ಕರಗಿಸಿದರೆ ಸೀಳಿದ ಗೋಡೆಯಿಂದ ರಕ್ತ ಸೋರುವುದನ್ನು ನಿಲ್ಲಿಸಲು ಆಗುವುದಿಲ್ಲ. ಹಾಗಾಗಿ ನೋವು ಮೇಲೆ ಹೇಳಿದ ರೀತಿಯದ್ದಾಗಿದ್ದರೆ ಮೊದಲನೇ ಮಾತು ಇದು: "ಡಾಕ್ಟ್ರೇ, ನೋವು ಒಂದೇ ಸಲಕ್ಕೆ ಸೀಳಿದ ಹಾಗೆ ಬಂತು, ಬೆನ್ನಿಗೂ ಹೋಗಿದೆ, ಅಯೋರ್ಟಾ ಡಿಸೆಕ್ಷನ್ ಇರಬಹುದಾ ನೋಡ್ತೀರಾ?" ಎರಡನೆಯದು: "ಎರಡೂ ಕೈಯಲ್ಲಿ ಬಿಪಿ ನೋಡ್ತೀರಾ?" ಒಂದು ಕೈಗೂ ಇನ್ನೊಂದಕ್ಕೂ 20ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅದು ದೊಡ್ಡ ಸುಳಿವು. ಒಳ್ಳೆಯ ಡಾಕ್ಟರ್ ಯಾರೂ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಕೇಳಿದ ಮೇಲೆ ಅವರು ನೋಡಿ, ಇದು ಹಾರ್ಟ್ ಅಟ್ಯಾಕೇ ಅಂದರೆ ನಂಬಿ, ಇಂಜೆಕ್ಷನ್ ಕೊಡಲು ಬಿಡಿ.

ಖಚಿತವಾಗುವುದು ಸಿಟಿ ಆಂಜಿಯೋದಲ್ಲಿ. ಬರೀ ಸಿಟಿ ಸ್ಕ್ಯಾನ್ ಅಲ್ಲ, ಬಣ್ಣದ ಮದ್ದು ಹಾಕಿ ಕುತ್ತಿಗೆಯಿಂದ ತೊಡೆಸಂದಿಯವರೆಗೆ ತೆಗೆಯುವುದು. ಮಾಮೂಲಿ ಎದೆ ಎಕ್ಸ್‌ರೇ ಸರಿ ಇದೆ ಅಂದರೆ ಡಿಸೆಕ್ಷನ್ ಇಲ್ಲ ಅಂತ ಅರ್ಥ ಅಲ್ಲ.

ಎ ಅಥವಾ ಬಿ

ಸಿಟಿ ಬಂದ ಮೇಲೆ ಡಾಕ್ಟರ್ ಬಾಯಲ್ಲಿ ಬರುವ ಒಂದು ಅಕ್ಷರದ ಮೇಲೆ ಎಲ್ಲ ನಿಂತಿದೆ. ಹೃದಯದಿಂದ ಮೇಲಕ್ಕೆ ಹೋಗುವ ಭಾಗ ಸೀಳಿದ್ದರೆ ಟೈಪ್ ಎ. ಆ ಭಾಗ ಸರಿಯಿದ್ದು, ಕಮಾನು ದಾಟಿ ಕೆಳಗೆ ಇಳಿಯುವ ಭಾಗ ಮಾತ್ರ ಸೀಳಿದ್ದರೆ ಟೈಪ್ ಬಿ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮಾಡಿದ ಈ ವಿಂಗಡಣೆಯೇ ಇವತ್ತಿಗೂ ನಡೆಯುತ್ತಿದೆ.

ಟೈಪ್ ಎ ಅಂದರೆ ತುರ್ತು ಆಪರೇಷನ್. ನಾಳೆ ಬೆಳಿಗ್ಗೆ ಅಲ್ಲ, ಅಮಾವಾಸ್ಯೆ ಕಳೀಲಿ ಅಲ್ಲ, ದೊಡ್ಡ ಮಗ ಬರಲಿ ಅಂತಲೂ ಅಲ್ಲ. ಚಿಕಿತ್ಸೆ ಇಲ್ಲದಿದ್ದರೆ ಮೊದಲ ಎರಡು ದಿನ ಗಂಟೆಗೆ ಶೇಕಡಾ 1ರಿಂದ 2ರಷ್ಟು ಜನ ಸಾಯುತ್ತಾರೆ ಅನ್ನುವುದು ಹಳೆಯ ಲೆಕ್ಕ. ಈಗಿನ ಮದ್ದಿನಲ್ಲಿ ಅದು ಕಡಿಮೆಯಾಗಿದೆ, ಆದರೂ ಕಾಯುವ ಕಾಯಿಲೆ ಅಲ್ಲ.

ಹೊರಡುವ ಮೊದಲು ಫೋನ್

ನಮ್ಮ ಮಲೆನಾಡಿನ ತಾಪತ್ರಯ ಇಲ್ಲಿ ಶುರು. ಸಿಟಿ ಆಂಜಿಯೋ ಶಿವಮೊಗ್ಗದಲ್ಲಿ ಆಗಬಹುದು. ಆದರೆ ಹೃದಯದ ಆಪರೇಷನ್ ಮಾಡುವ ಎಲ್ಲ ಕಡೆಯೂ ರಾತ್ರೋರಾತ್ರಿ ಅಯೋರ್ಟಾದ ಆಪರೇಷನ್ ಮಾಡುವುದಿಲ್ಲ. ಬೈಪಾಸ್ ಬೇರೆ, ಇದು ಬೇರೆ. ಆದ್ದರಿಂದ "ದೊಡ್ಡ ಆಸ್ಪತ್ರೆ" ಅಂತ ಹೆಸರು ಕೇಳಿ ಹೊರಡಬೇಡಿ. ಈಗ ನೋಡುತ್ತಿರುವ ಡಾಕ್ಟರಿಂದಲೇ ಅಲ್ಲಿನ ಹೃದಯ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿಸಿ. ಕೇಳಬೇಕಾದ್ದು ಇಷ್ಟು: ಈ ಆಪರೇಷನ್ ಮಾಡುವ ಸರ್ಜನ್ ಇವತ್ತು ಇದ್ದಾರಾ, ಥಿಯೇಟರ್ ಖಾಲಿ ಇದೆಯಾ, ಐಸಿಯು ಬೆಡ್ ಇದೆಯಾ, ರಕ್ತ ಸಿಗುತ್ತದಾ. ಸಿಟಿಯ ಚಿತ್ರಗಳನ್ನು ಫೋನಿನಲ್ಲೇ ಕಳಿಸಲು ಹೇಳಿ, ಸಿಡಿಯನ್ನು ಕೈಯಲ್ಲಿ ಹಿಡಿದುಕೊಳ್ಳಿ. ಸಿಡಿ ಮರೆತು ಹೋದರೆ ಅಲ್ಲಿ ಮತ್ತೆ ಸಿಟಿ, ಮತ್ತೆ ಬಣ್ಣದ ಮದ್ದು, ಕಿಡ್ನಿಗೆ ಮತ್ತೊಂದು ಪೆಟ್ಟು.

ದಾರಿಯ ಲೆಕ್ಕವನ್ನೂ ಹಾಕಬೇಕು. ತೀರ್ಥಹಳ್ಳಿ, ಕೊಪ್ಪ ಕಡೆಯವರಿಗೆ ಆಗುಂಬೆ ಘಾಟಿ ಇಳಿದರೆ ಮಣಿಪಾಲ ಹತ್ತಿರ. ಹೊಸನಗರದವರಿಗೆ ಹುಲಿಕಲ್ ಘಾಟಿ ಇದೆ. ಶಿವಮೊಗ್ಗ, ಭದ್ರಾವತಿಯವರಿಗೆ ಬೆಂಗಳೂರು ಸುಮಾರು 300 ಕಿಲೋಮೀಟರ್, ಐದಾರು ಗಂಟೆ. ಅಲ್ಲಿ ಸರ್ಕಾರದ ಜಯದೇವ ಆಸ್ಪತ್ರೆಯೂ ಇದೆ, ಖಾಸಗಿಯವೂ ಇವೆ. ಮಳೆಗಾಲದಲ್ಲಿ ಘಾಟಿಯಲ್ಲಿ ಮರ ಬಿದ್ದಿದೆಯಾ, ಮಣ್ಣು ಕುಸಿದಿದೆಯಾ ಅಂತ ಪೊಲೀಸರನ್ನೋ ಕೆಳಗಿನ ಊರಿನ ನೆಂಟರನ್ನೋ ಕೇಳಿಯೇ ಹೊರಡಿ. ಅರ್ಧ ದಾರಿಯಿಂದ ವಾಪಸ್ ಬರುವುದಕ್ಕಿಂತ ಹತ್ತು ನಿಮಿಷ ಫೋನಿನಲ್ಲಿ ಕಳೆಯುವುದು ಲೇಸು.

ಸ್ವಂತ ಕಾರಿನಲ್ಲಿ ಮಾತ್ರ ಕರೆದುಕೊಂಡು ಹೋಗಬೇಡಿ. ಮಾನಿಟರ್, ಆಕ್ಸಿಜನ್, ಸಣ್ಣಗೆ ಮದ್ದು ಹರಿಸುವ ಪಂಪ್, ಜೊತೆಗೊಬ್ಬ ತಿಳಿದ ಸಿಬ್ಬಂದಿ ಇರುವ ಆಂಬುಲೆನ್ಸ್ ಬೇಕು. ದಾರಿಯಲ್ಲಿ ಮಾಡುವ ಕೆಲಸವೂ ಚಿಕಿತ್ಸೆಯೇ. ನೋವು ಪೂರ್ತಿ ಕಡಿಮೆ ಮಾಡುವುದು, ಹೃದಯದ ಬಡಿತವನ್ನು ನಿಮಿಷಕ್ಕೆ 60ರ ಹತ್ತಿರ ತರುವುದು, ಮೇಲಿನ ಬಿಪಿ 100ರಿಂದ 120ರ ನಡುವೆ ಇಡುವುದು. ಎಸ್ಮೊಲಾಲ್, ಲ್ಯಾಬೆಟಲಾಲ್ ಅನ್ನುವ ಮದ್ದುಗಳು ಇದಕ್ಕೇ. ಬಡಿತದ ಏಟು ಕಡಿಮೆಯಾದರೆ ಸೀಳು ಮುಂದಕ್ಕೆ ಹೋಗುವುದೂ ಕಡಿಮೆ. ರಕ್ತ ಕೊಡುವ ಮೂರ್ನಾಲ್ಕು ಜನ ಹುಡುಗರನ್ನು ಇನ್ನೊಂದು ಗಾಡಿಯಲ್ಲಿ ಹಿಂದೆ ಕರೆತಂದರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ನೋಡಲು ಬರುವ ಇಪ್ಪತ್ತು ಜನ ಬೇಡ.

ಸಹಿ ಹಾಕುವ ಮೊದಲು

ಸರ್ಜನ್ ನಿಮ್ಮ ಹತ್ತಿರ ಮಾತಾಡಲು ಸಿಗುವುದು ಐದು ಹತ್ತು ನಿಮಿಷ. ಗಾಬರಿಯಲ್ಲಿ ಎಲ್ಲರೂ ಕೇಳುವುದು "ಉಳೀತಾರಾ ಸಾರ್?" ಅಂತ. ಕೇಳಿ, ತಪ್ಪೇನಿಲ್ಲ. ಆದರೆ ಅದರ ಜೊತೆ ಇನ್ನಷ್ಟನ್ನೂ ಕೇಳಿ. ಸೀಳು ಎಲ್ಲಿಂದ ಎಲ್ಲಿಯವರೆಗೆ ಇದೆ? ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿದೆಯಾ? ಯಾವ ಅಂಗಕ್ಕಾದರೂ ರಕ್ತ ನಿಂತಿದೆಯಾ? ಕವಾಟ ಉಳಿಸಬಹುದಾ, ಬದಲಿಸಬೇಕಾ? ಕಮಾನಿನ ಎಷ್ಟು ಭಾಗ ತೆಗೆಯುತ್ತೀರಿ? ಈ ಉತ್ತರಗಳಿಂದ ಮುಂದಿನ ಅಪಾಯಗಳ ಅಂದಾಜು ಸಿಗುತ್ತದೆ. ಒಳ್ಳೆಯ ಕೇಂದ್ರಗಳಲ್ಲೂ ಈ ಆಪರೇಷನ್ನಿನಲ್ಲಿ ಐದಾರು ಜನರಲ್ಲಿ ಒಬ್ಬರು ಉಳಿಯದೇ ಹೋಗಬಹುದು. ಮಿದುಳಿಗೋ ಕರುಳಿಗೋ ಮೊದಲೇ ರಕ್ತ ನಿಂತಿದ್ದರೆ ಅಪಾಯ ಇನ್ನೂ ಹೆಚ್ಚು. ಇದನ್ನು ಬಚ್ಚಿಡುವ ಸರ್ಜನ್‌ಗಿಂತ ಬಾಯಿ ಬಿಟ್ಟು ಹೇಳುವವರನ್ನು ನಂಬಿ.

ದುಡ್ಡಿನ ಮಾತನ್ನು ಒಬ್ಬರೇ ನೋಡಿಕೊಳ್ಳಲಿ, ರೋಗಿಯ ಹತ್ತಿರ ಇರುವವರು ಬೇರೆಯವರಾಗಲಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜಿನ ಶೇಕಡಾ 30 ಭಾಗ, ವರ್ಷಕ್ಕೆ 1.5 ಲಕ್ಷದವರೆಗೆ. ಸಹಕಾರ ಸಂಘದ ಸದಸ್ಯರಾಗಿ ಹಣ ಕಟ್ಟಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಯೂ ಇದೆ. ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯಾ, ಈ ಆಪರೇಷನ್ ಪ್ಯಾಕೇಜಿನಲ್ಲಿ ಬರುತ್ತದಾ ಅಂತ ಅಲ್ಲಿನ ಆರೋಗ್ಯ ಮಿತ್ರರನ್ನು (ಯೋಜನೆಯ ಕೆಲಸ ನೋಡಿಕೊಳ್ಳುವವರು) ಕೇಳಿ. ಆಧಾರ್, ರೇಷನ್ ಕಾರ್ಡಿನ ಫೋಟೋ ಫೋನಿನಲ್ಲಿರಲಿ.

ಥಿಯೇಟರಿನೊಳಗೆ

ಎದೆಯ ನಡುವಿನ ಮೂಳೆಯನ್ನು ಉದ್ದಕ್ಕೆ ಕತ್ತರಿಸಿ ತೆರೆಯುತ್ತಾರೆ. ಹೃದಯ, ಶ್ವಾಸಕೋಶದ ಕೆಲಸವನ್ನು ಮೆಷಿನ್‌ಗೆ ಒಪ್ಪಿಸುತ್ತಾರೆ. ಆಮೇಲೆ ರಕ್ತವನ್ನು ತಣ್ಣಗೆ ಮಾಡುತ್ತಾ ಮೈಯ ಬಿಸಿಯನ್ನು 18ರಿಂದ 28 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಸುತ್ತಾರೆ. ಎಷ್ಟು ಅನ್ನುವುದು ಕೇಸಿನ ಮೇಲೆ, ಸರ್ಜನ್ ಮೇಲೆ. ಕಮಾನಿನ ಹತ್ತಿರ ಹೊಲಿಯುವಾಗ ಮೈಯ ರಕ್ತ ಓಡಾಟವನ್ನೇ ಸ್ವಲ್ಪ ಹೊತ್ತು ನಿಲ್ಲಿಸಬೇಕು, ತಣ್ಣಗಿದ್ದರೆ ಅಂಗಗಳು ಅದನ್ನು ತಡೆದುಕೊಳ್ಳುತ್ತವೆ. ಆ ಹೊತ್ತಿನಲ್ಲೂ ಮಿದುಳಿಗೆ ಮಾತ್ರ ಬೇರೆ ಕೊಳವೆಯಿಂದ ರಕ್ತ ಕಳಿಸುತ್ತಿರುತ್ತಾರೆ. ಮೊದಲು ಹರಿದ ಜಾಗ ಇರುವ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಪದರಗಳನ್ನು ಸೇರಿಸಿ, ಡೇಕ್ರಾನ್ ಅನ್ನುವ ಪಾಲಿಯೆಸ್ಟರ್ ಬಟ್ಟೆಯ ಕೊಳವೆ ಹೊಲಿಯುತ್ತಾರೆ. ಅಯೋರ್ಟಾದ ಬುಡವೂ ಕವಾಟವೂ ಹಾಳಾಗಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸುತ್ತಾರೆ, ಅದಕ್ಕೆ ಬೆಂಟಾಲ್ ಆಪರೇಷನ್ ಅನ್ನುತ್ತಾರೆ. ಕಮಾನು ಪೂರ್ತಿ ಹೋಗಿದ್ದರೆ ಕೆಲಸ ಇನ್ನೂ ದೊಡ್ಡದು. ಒಟ್ಟು ಆರರಿಂದ ಎಂಟು ಗಂಟೆ, ಕೆಲವೊಮ್ಮೆ ಜಾಸ್ತಿ. ಹೊರಗೆ ಕೂತವರು ಐದನೇ ಗಂಟೆಗೇ ಕೆಟ್ಟದ್ದು ಯೋಚಿಸಬೇಡಿ. ತಣ್ಣಗೆ ಮಾಡಲು, ಮತ್ತೆ ಬಿಸಿ ಮಾಡಲು, ರಕ್ತ ನಿಲ್ಲಿಸಲು ಹಿಡಿಯುವ ಹೊತ್ತೇ ಬಹಳ.

ಇದರಲ್ಲೊಂದು ವಿಚಿತ್ರ ಇದೆ. ಆ ಬಟ್ಟೆಯ ಕೊಳವೆಯನ್ನು ಬಳಕೆಗೆ ತಂದವರು, ಡಿಸೆಕ್ಷನ್‌ಗೆ ಆಪರೇಷನ್ ಮಾಡುವುದನ್ನು ತೋರಿಸಿಕೊಟ್ಟವರು ಅಮೆರಿಕದ ಸರ್ಜನ್ ಮೈಕೆಲ್ ಡಿಬೇಕಿ. ಮೊದಲ ಕೊಳವೆಯನ್ನು ಹೆಂಡತಿಯ ಹೊಲಿಗೆ ಮೆಷಿನ್ನಿನಲ್ಲಿ ತಾವೇ ಹೊಲಿದಿದ್ದರು. 2005ರ ಡಿಸೆಂಬರ್ 31ರಂದು, 97ನೇ ವಯಸ್ಸಿನಲ್ಲಿ, ಅವರಿಗೇ ಡಿಸೆಕ್ಷನ್ ಆಯಿತು. 2006ರ ಫೆಬ್ರವರಿಯಲ್ಲಿ ಆಪರೇಷನ್ ಆಯಿತು, ಆಮೇಲೆ ತಿಂಗಳುಗಟ್ಟಲೆ ಆಸ್ಪತ್ರೆ, ಆದರೂ ಎದ್ದು ಕೆಲಸಕ್ಕೆ ಮರಳಿದರು. ತೀರಿಕೊಂಡದ್ದು 2008ರಲ್ಲಿ. ವಯಸ್ಸಾಯಿತು, ಇನ್ಯಾಕೆ ಆಪರೇಷನ್ ಅನ್ನುವವರಿಗೆ ನಾನು ಇದನ್ನು ಹೇಳುವುದುಂಟು. ಹಾಗಂತ ಎಲ್ಲ ತೊಂಬತ್ತರವರಿಗೂ ಮಾಡಿಸಿ ಅಂತಲ್ಲ.

ಐಸಿಯು ದಿನಗಳು ಮತ್ತು ತೊಡಕುಗಳು

ಮೊದಲ ರಾತ್ರಿಯ ದೊಡ್ಡ ಭಯ ರಕ್ತಸ್ರಾವ. ತಣ್ಣಗಾದ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಸೀಳಿದ ಗೋಡೆಯೋ ಒದ್ದೆ ಕಾಗದದಷ್ಟು ಮೆತ್ತಗೆ. ಎದೆಯಿಂದ ಹೊರಬಂದ ಪೈಪುಗಳಲ್ಲಿ ರಕ್ತ ಜಾಸ್ತಿ ಬಂದರೆ ಮತ್ತೆ ಥಿಯೇಟರಿಗೆ ಒಯ್ದು ತೆರೆದು ನೋಡುತ್ತಾರೆ. ಇದು ಅಪರೂಪವೇನಲ್ಲ, ಮೊದಲ ಆಪರೇಷನ್ ಕೆಟ್ಟಿತು ಅಂತ ಅರ್ಥವೂ ಅಲ್ಲ. ರಕ್ತದ ಜೊತೆ ಪ್ಲಾಸ್ಮಾ, ಪ್ಲೇಟ್‌ಲೆಟ್ ಕೂಡ ಬೇಕಾಗುತ್ತದೆ. ಆ ಹುಡುಗರನ್ನು ಕರೆತನ್ನಿ ಅಂದದ್ದು ಇದಕ್ಕೇ.

ಎರಡನೆಯದು ಮಿದುಳು. ಎಚ್ಚರವಾದ ಮೇಲೆ ಕೈಕಾಲು ಎರಡೂ ಕಡೆ ಆಡುತ್ತಿವೆಯಾ ಅಂತ ನರ್ಸ್ ಪದೇ ಪದೇ ಕೇಳುವುದು ಲಕ್ವ ಆಗಿದೆಯಾ ಅಂತ ನೋಡಲು. ಇದರ ಜೊತೆ ಇನ್ನೊಂದು ಗೊಂದಲ ಇದೆ. ಮೂರ್ನಾಲ್ಕನೇ ದಿನ ಅಪ್ಪ ಮಕ್ಕಳ ಗುರುತು ಹಿಡಿಯುವುದಿಲ್ಲ, ಗೋಡೆ ಮೇಲೆ ಹಾವು ಇದೆ ಅನ್ನುತ್ತಾರೆ, ಪೈಪು ಕೀಳಲು ಹೋಗುತ್ತಾರೆ. ಮನೆಯವರು ತಲೆ ಕೆಟ್ಟಿತು ಅಂತ ಅಳುತ್ತಾರೆ. ಅದು ಡೆಲಿರಿಯಂ, ಬಹುತೇಕರಿಗೆ ದಿನಗಳಲ್ಲಿ ಇಳಿಯುತ್ತದೆ. ಅವರ ಕನ್ನಡಕ, ಕಿವಿಯ ಮೆಷಿನ್ ತಂದುಕೊಡಿ, ಹಗಲು ಮನೆಯ ಮಾತು ಆಡಿಸಿ, ಇವತ್ತು ಯಾವ ವಾರ ಅಂತ ಹೇಳಿ, ರಾತ್ರಿ ಮಲಗಲು ಬಿಡಿ.

ಕಿಡ್ನಿ ಕೈಕೊಟ್ಟರೆ ಕೆಲವು ದಿನ ಡಯಾಲಿಸಿಸ್ ಬೇಕಾಗಬಹುದು. ಅದರಲ್ಲಿ ಎಷ್ಟೋ ಜನರದ್ದು ವಾಪಸ್ ಸರಿಹೋಗುತ್ತದೆ. ಉಸಿರಾಟದ ಮೆಷಿನ್ ಬಿಡಿಸಲು ತಡವಾದರೆ ಗಂಟಲಲ್ಲಿ ತೂತು ಮಾಡಿ ಕೊಳವೆ ಇಡುತ್ತಾರೆ, ಅದೂ ಸಾಮಾನ್ಯವಾಗಿ ತಾತ್ಕಾಲಿಕ. ಹೊಟ್ಟೆ ಉಬ್ಬರ, ಹೊಟ್ಟೆನೋವು, ರಕ್ತದಲ್ಲಿ ಲ್ಯಾಕ್ಟೇಟ್ (ಅಂಗಗಳಿಗೆ ಆಮ್ಲಜನಕ ಸಾಲದಾಗ ಹೆಚ್ಚುವ ಅಂಶ) ಏರುವುದು ಕರುಳಿಗೆ ರಕ್ತ ಸಾಲುತ್ತಿಲ್ಲ ಅನ್ನುವುದರ ಗುರುತು. ಇದು ಎಲ್ಲಕ್ಕಿಂತ ಕೆಟ್ಟದ್ದು, ಇದಕ್ಕೆ ತಕ್ಷಣ ಇನ್ನೊಂದು ಆಪರೇಷನ್ನೋ ಸ್ಟೆಂಟೋ ಬೇಕಾಗಬಹುದು. ಕಾಲಿಗೆ ರಕ್ತ ನಿಂತಿದ್ದರೆ ಮತ್ತೆ ಬಂದ ಮೇಲೆ ಬಾತು ಬಿಗಿಯುತ್ತದೆ, ಚರ್ಮ ಸೀಳಿ ಒತ್ತಡ ಬಿಡಿಸುತ್ತಾರೆ. ದನಿ ಗೊಗ್ಗರಾಗಬಹುದು. ಗಾಯಕ್ಕೆ ಕೀವು ಬರಬಹುದು, ಸಕ್ಕರೆ ಕಾಯಿಲೆ ಇದ್ದವರಿಗೆ ಜಾಸ್ತಿ.

ಟೈಪ್ ಬಿ ಆದರೆ

ಇಲ್ಲಿ ಮೊದಲು ಮದ್ದು. ಐಸಿಯುನಲ್ಲಿಟ್ಟು ಬಿಪಿ, ಬಡಿತ, ನೋವು ಹಿಡಿತಕ್ಕೆ ತರುತ್ತಾರೆ. "ಆಪರೇಷನ್ನೇ ಮಾಡ್ತಿಲ್ಲ, ಬೇರೆ ಕಡೆ ಕರ್ಕೊಂಡು ಹೋಗೋಣ" ಅಂತ ಎಬ್ಬಿಸಿಕೊಂಡು ಹೋಗಬೇಡಿ. ನಾಳ ಒಡೆಯುವ ಹಂತಕ್ಕೆ ಬಂದರೆ, ಅಂಗಗಳಿಗೆ ರಕ್ತ ನಿಂತರೆ, ನೋವು ಬಿಪಿ ಯಾವ ಮದ್ದಿಗೂ ಬಗ್ಗದಿದ್ದರೆ ತೊಡೆಸಂದಿಯಿಂದ ಬಟ್ಟೆ ಹೊದಿಸಿದ ಸ್ಟೆಂಟ್ ಕಳಿಸಿ ಹರಿದ ಬಾಯಿ ಮುಚ್ಚುತ್ತಾರೆ. ಎದೆ ತೆರೆಯುವುದಿಲ್ಲ ಅನ್ನುವುದು ನಿಜ, ಆದರೆ ಅಪಾಯವೇ ಇಲ್ಲ ಅಂತಲ್ಲ. ಬೆನ್ನುಹುರಿಗೆ ಹೋಗುವ ಸಣ್ಣ ನಾಳಗಳು ಮುಚ್ಚಿ ಎರಡೂ ಕಾಲಿನ ಶಕ್ತಿ ಹೋಗಬಹುದು. ಕಾಲು ಭಾರ ಅಂದರೆ ಕೂಡಲೇ ನರ್ಸಿಗೆ ಹೇಳಿ. ಆ ಹೊತ್ತಲ್ಲಿ ಬಿಪಿ ಏರಿಸಿ, ಬೆನ್ನುಹುರಿಯ ಸುತ್ತಲಿನ ನೀರು ತೆಗೆದು ವಾಪಸ್ ತರಲು ಅವಕಾಶ ಇರುತ್ತದೆ, ತಡವಾದರೆ ಇಲ್ಲ.

ಮನೆಗೆ ಬಂದ ಮೇಲೆ

ಆಪರೇಷನ್ ಆದ ಮೇಲೂ ಸಿಟಿ ರಿಪೋರ್ಟಿನಲ್ಲಿ "ಕೆಳಗಿನ ಭಾಗದಲ್ಲಿ ಸೀಳು ಇದೆ" ಅಂತ ಬರೆದಿರುತ್ತದೆ. ಅದನ್ನು ನೋಡಿ ಮೋಸ ಆಯಿತು ಅಂದುಕೊಳ್ಳುವವರು ಬಹಳ. ಮೋಸ ಅಲ್ಲ. ಮೊದಲ ಆಪರೇಷನ್ ಜೀವಕ್ಕೆ ಹತ್ತಿರದ ಅಪಾಯವನ್ನು ತೆಗೆಯುತ್ತದೆ, ಉದ್ದದ ಸೀಳನ್ನೆಲ್ಲ ತೆಗೆಯಲು ಹೋದರೆ ರೋಗಿ ಮೇಜಿನ ಮೇಲೇ ಉಳಿಯುವುದಿಲ್ಲ. ಉಳಿದ ಸೀಳು ವರ್ಷಗಳಲ್ಲಿ ಉಬ್ಬಬಹುದು. ಅದಕ್ಕೇ ಮೊದಲ ವರ್ಷ ಕೆಲವು ಸಲ, ಆಮೇಲೆ ವರ್ಷಕ್ಕೊಂದು ಸಿಟಿ ಅಥವಾ ಎಂಆರ್‌ಐ. ಆರಾಮಾಗಿದ್ದೇನೆ ಅಂತ ಇದನ್ನು ತಪ್ಪಿಸುವವರೇ ಎರಡನೇ ಸಲ ತುರ್ತಿನಲ್ಲಿ ಬರುತ್ತಾರೆ.

ಬಿಪಿ ಮಾತ್ರೆ ಜೀವನಪೂರ್ತಿ. ಮನೆಯಲ್ಲೊಂದು ಬಿಪಿ ಮೆಷಿನ್ ಇರಲಿ, 130/80ಕ್ಕಿಂತ ಕೆಳಗೆ ಅನ್ನುವುದು ಗುರಿ, ನಿಮ್ಮ ಡಾಕ್ಟರ್ ಇನ್ನೂ ಕಡಿಮೆ ಹೇಳಿದರೆ ಅದೇ ಸರಿ. ಮೆಟೊಪ್ರೊಲಾಲ್ ಥರದ ಮಾತ್ರೆ ಥಟ್ಟನೆ ನಿಲ್ಲಿಸಿದರೆ ಬಡಿತ, ಬಿಪಿ ಎರಡೂ ಒಮ್ಮೆಲೇ ಏರುತ್ತವೆ. ಜಡಿಮಳೆಯಲ್ಲಿ ಬಸ್ಸು ನಿಲ್ಲುವ ಊರಿನವರು ಮೇ ತಿಂಗಳಲ್ಲೇ ಎರಡು ತಿಂಗಳ ಮಾತ್ರೆ ತಂದಿಟ್ಟುಕೊಳ್ಳಿ. ಲೋಹದ ಕವಾಟ ಹಾಕಿದ್ದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ, ಅದಕ್ಕೆ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡುವ ಐಎನ್‌ಆರ್ ರಕ್ತಪರೀಕ್ಷೆ ತಪ್ಪಿಸುವ ಹಾಗಿಲ್ಲ.

ಉಪ್ಪು ನಮ್ಮ ಕಡೆ ಅಡುಗೆಯಲ್ಲಿ ಅಷ್ಟಿಲ್ಲ, ಪಕ್ಕದಲ್ಲಿ ಬಡಿಸುವುದರಲ್ಲಿದೆ. ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸು, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ಕವಳದಲ್ಲಿ ಹೊಗೆಸೊಪ್ಪು, ಬೀಡಿ ಎರಡೂ ಬಂದ್.

ಎದೆಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಬೈಕ್ ಬೇಡ, ತುಂಬಿದ ಕೊಡ ಎತ್ತುವುದು ಬೇಡ, ಕೆಮ್ಮುವಾಗ ದಿಂಬನ್ನು ಎದೆಗೆ ಒತ್ತಿ ಹಿಡಿಯಿರಿ. ಆಮೇಲೂ ಉಸಿರು ಬಿಗಿಹಿಡಿದು ಎತ್ತುವ ಕೆಲಸ ಬೇಡ. ಅಡಿಕೆ ಮೂಟೆ, ಗೊಬ್ಬರದ ಬುಟ್ಟಿ, ಮರ ಹತ್ತುವುದು ಇವು ಮುಗಿದ ಅಧ್ಯಾಯ. ಅಂಗಳದಲ್ಲಿ, ಸಮತಟ್ಟಾದ ರಸ್ತೆಯಲ್ಲಿ ನಡೆಯುವುದು ದಿನಾ ಇರಲಿ. ಮಲಬದ್ಧತೆ ಆಗದ ಹಾಗೆ ನೋಡಿಕೊಳ್ಳಿ, ತಿಣುಕುವುದರಿಂದಲೂ ಬಿಪಿ ಏರುತ್ತದೆ.

ಇನ್ನೊಂದು, ಹೆಚ್ಚಿನವರಿಗೆ ಗೊತ್ತಿಲ್ಲದ್ದು. ಜ್ವರಕ್ಕೋ ಉರಿಮೂತ್ರಕ್ಕೋ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಮಾತ್ರೆಗಳು ಅಯೋರ್ಟಾ ತೊಂದರೆ ಇರುವವರಿಗೆ ಒಳ್ಳೆಯದಲ್ಲ. ಬೇರೆ ದಾರಿ ಇದ್ದಾಗ ಇವನ್ನು ಕೊಡಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ. ಊರಿನ ಡಾಕ್ಟರಿಗೆ ಡಿಸ್ಚಾರ್ಜ್ ಚೀಟಿ ತೋರಿಸಿಯೇ ಮದ್ದು ತಗೊಳ್ಳಿ.

ಕೊನೆಗೆ ಮನೆಯ ಉಳಿದವರು. ರೋಗಿಯ ತಂದೆ ತಾಯಿ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ಎಲ್ಲರೂ ಒಂದು ಸಲ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ಅಯೋರ್ಟಾದ ಅಗಲ ನೋಡಿಸಿಕೊಳ್ಳಬೇಕು, ಬಿಪಿ ನೋಡಿಸಿಕೊಳ್ಳಬೇಕು. ರೋಗಿ ಅರವತ್ತರ ಒಳಗಿನವರಾಗಿದ್ದರೆ ಇದನ್ನು ಮುಂದೂಡಲೇಬೇಡಿ. ಆ ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಮೊದಲು ಅವಳಿಗೆ ಮಾಡಿಸಿ, ಹೆರಿಗೆ ಡಾಕ್ಟರಿಗೂ ವಿಷಯ ಹೇಳಿ.